ನಿಲ್ಲುವುದನ್ನು ಕಲಿತ ಮಗ್ಗ: ಸಾಕಿಚಿ ಟೊಯೊಡ ಅವರ ಬದುಕು

ರಜೆಯಲ್ಲಿ ಊರಿಗೆ ಹೋದಾಗ ಬೆಂಗಳೂರು–ಮೈಸೂರು ರಸ್ತೆಯಲ್ಲಿ ಪ್ರಯಾಣ ಮಾಡುವ ನಮ್ಮ ಮುಂಬೈ ಕನ್ನಡಿಗರಿಗೆ ಬಿಡದಿ ಎಂದರೆ ಮೊದಲು ನೆನಪಾಗುವುದು ತಟ್ಟೆ ಇಡ್ಲಿ, ಆಮೇಲೆ ಟೊಯೊಟಾ ಕಾರಿನ ಕಾರ್ಖಾನೆ. ಕಿರ್ಲೋಸ್ಕರ್ ಸಂಸ್ಥೆಯೊಡನೆ ಕೂಡಿ 1997ರಲ್ಲಿ ಆರಂಭವಾದ ಆ ಕಂಪನಿಯ ಹೆಸರು ಇಂದು ಮನೆಮಾತಾಗಿದೆ. ಆದರೆ ಅದಕ್ಕೂ ಎರಡು ವರ್ಷ ಮೊದಲು, 1995ರಲ್ಲಿ, ಅದೇ ಜಪಾನೀ ಬಳಗವು ಕಿರ್ಲೋಸ್ಕರರ ಜೊತೆಗೂಡಿಯೇ ಬೆಂಗಳೂರಿನ ಬಳಿಯ ಜಿಗಣಿಯಲ್ಲಿ ಜವಳಿ ಯಂತ್ರಗಳ ಕಂಪನಿಯೊಂದನ್ನು ಸ್ಥಾಪಿಸಿತ್ತು ಎಂಬುದು ಅನೇಕರಿಗೆ ತಿಳಿದಿರಲಾರದು. ಕಾರಿನವರಿಗೆ ಜವಳಿ ಯಂತ್ರದ ಗೊಡವೆ ಏಕೆ ಎಂದು ಕೇಳಬಹುದು. ವಾಸ್ತವದಲ್ಲಿ ಪ್ರಶ್ನೆಯನ್ನು ತಿರುಗಿಸಿ ಕೇಳಬೇಕು. ಆ ಮನೆತನದ ಮೂಲ ಕಸುಬು ಮಗ್ಗ. ಕಾರು ಬಂದದ್ದು ಎರಡನೆಯ ತಲೆಮಾರಿನಲ್ಲಿ. ಮನೆತನದ ಹೆಸರು ಟೊಯೊಡ. 1936ರಲ್ಲಿ ಕಾರಿಗಾಗಿ ಅದನ್ನು ಟೊಯೊಟಾ ಎಂದು ತಿದ್ದಿಕೊಂಡರು. ಮಗ್ಗದ ಟೊಯೊಡ ಅವರ ಬದುಕನ್ನು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಸಾಕಿಚಿ ಟೊಯೊಡ ಅವರು 1867ರ ಫೆಬ್ರವರಿ 14ರಂದು ಜಪಾನಿನ ಹಮಾನಾ ಸರೋವರದ ಪಶ್ಚಿಮಕ್ಕಿರುವ ಯಾಮಗುಚಿ ಎಂಬ ಸಣ್ಣ ಹಳ್ಳಿಯಲ್ಲಿ ಜನಿಸಿದರು. ಅದು ಇಂದು ಶಿಜುಓಕ ಪ್ರಾಂತದ ಕೊಸಾಯಿ ನಗರಕ್ಕೆ ಸೇರಿದೆ. ತಂದೆ ಇಕಿಚಿ ಅವರು ಬಡಗಿ, ಜೊತೆಗೆ ಅಷ್ಟಿಷ್ಟು ಬೇಸಾಯ. ಅವರು ಹುಟ್ಟಿದ ಮರುವರ್ಷವೇ ಜಪಾನಿನಲ್ಲಿ ಶೋಗನ್ನರ ಆಳ್ವಿಕೆ ಕೊನೆಗೊಂಡು ಮೇಯಿಜಿ ಯುಗ ಆರಂಭವಾಯಿತು. ದೇಶದ ಬಾಗಿಲು ತೆರೆದು ಇಂಗ್ಲೆಂಡಿನ ಬಟ್ಟೆ ಬಂದು ಬೀಳುತ್ತಿದ್ದ ಕಾಲವದು. ಹಳ್ಳಿಯ ಮನೆಗಳಲ್ಲಿ ಹೆಂಗಸರು ಬಿಡುವಿನ ವೇಳೆಯಲ್ಲಿ ಕೈಮಗ್ಗದ ಮುಂದೆ ಕುಳಿತು ನೇಯುತ್ತಿದ್ದರು; ಸಾಕಿಚಿ ಅವರ ತಾಯಿಯೂ ನೇಯುತ್ತಿದ್ದರು. ಇಳಕಲ್ಲು, ಗುಳೇದಗುಡ್ಡದ ಕಡೆಯಿಂದ ಬಂದ ಓದುಗರಿಗೆ ಈ ಚಿತ್ರವನ್ನು ವಿವರಿಸಿ ಹೇಳಬೇಕಾಗಿಲ್ಲ.

ಬಡಗಿಯ ಮಗ ಬಡಗಿಯಾಗಬೇಕು ಎಂಬುದು ತಂದೆಯ ಎಣಿಕೆ. ಹುಡುಗ ಮರಗೆಲಸವನ್ನು ಕಲಿತದ್ದೂ ಉಂಟು. ಆದರೆ 1885ರಲ್ಲಿ ಜಪಾನ್ ಸರಕಾರ ಪೇಟೆಂಟ್ ಕಾನೂನನ್ನು ತಂದಿತು. ಹೊಸದೊಂದನ್ನು ಕಂಡುಹಿಡಿದವನಿಗೆ ಅದರ ಫಲ ಸೇರಬೇಕು ಎಂಬ ಈ ವಿಚಾರ ಹದಿನೆಂಟರ ಆ ತರುಣನ ತಲೆಯಲ್ಲಿ ನಾಟಿತು. ಇಂಗ್ಲೆಂಡಿನ ಸ್ಯಾಮ್ಯುಯೆಲ್ ಸ್ಮೈಲ್ಸ್ ಬರೆದ, ಸ್ವಂತ ಶ್ರಮದಿಂದ ಮೇಲೆ ಬಂದವರ ಕಥೆಗಳ ಪುಸ್ತಕವು ಅಷ್ಟರಲ್ಲಾಗಲೇ ಜಪಾನಿ ಭಾಷೆಗೆ ಬಂದು ಊರೂರಿನ ಯುವಕರ ಕೈಸೇರಿತ್ತು. ಸಾಕಿಚಿ ಅವರೂ ಅದರಿಂದ ಪ್ರಭಾವಿತರಾದರು. ಕಂಡುಹಿಡಿಯಲು ಅವರು ಆರಿಸಿಕೊಂಡ ವಸ್ತು ಕಣ್ಣೆದುರಿನ ಮಗ್ಗ. ನೆರೆಹೊರೆಯವರು ಅವರನ್ನು ಅರೆಮರುಳನೆಂದು ಭಾವಿಸಿದರೆಂದು ಜೀವನಚರಿತ್ರೆಗಳು ಹೇಳುತ್ತವೆ. ಬಿಚ್ಚಿದ ಮಗ್ಗವನ್ನು ಮತ್ತೆ ಜೋಡಿಸಲು ಹೆಣಗುವ ಮಗನನ್ನು ಕಂಡು ತಂದೆಗೂ ಸಮಾಧಾನವಿರಲಿಲ್ಲ.

1890ರಲ್ಲಿ ಟೋಕಿಯೋದ ಉಎನೊ ಎಂಬಲ್ಲಿ ಕೈಗಾರಿಕಾ ಪ್ರದರ್ಶನ ನಡೆಯಿತು. ಸಾಕಿಚಿ ಅವರು ಅಲ್ಲಿಗೆ ಹೋಗಿ ಯಂತ್ರಗಳ ವಿಭಾಗದಲ್ಲಿ ದಿನದಿನವೂ ನಿಂತು ನೋಡಿದರು. ಅದೇ ವರ್ಷ ಅವರು ತಯಾರಿಸಿದ ಮರದ ಕೈಮಗ್ಗಕ್ಕೆ 1891ರಲ್ಲಿ ಪೇಟೆಂಟ್ ದೊರೆಯಿತು. ಹಳೆಯ ಮಗ್ಗದಲ್ಲಿ ಎರಡು ಕೈಗಳಿಗೂ ಕೆಲಸ. ಒಂದು ಕೈಯಿಂದ ಲಾಳಿಯನ್ನು ಎಸೆದು, ಇನ್ನೊಂದರಿಂದ ಹಿಡಿದು, ಬಳಿಕ ಹಣಿಗೆಯಿಂದ ಹೊಕ್ಕನ್ನು ಒತ್ತಬೇಕು. ಹೊಸ ಮಗ್ಗದಲ್ಲಿ ಹಣಿಗೆಯನ್ನು ಒಂದೇ ಕೈಯಿಂದ ಹಿಂದಕ್ಕೂ ಮುಂದಕ್ಕೂ ತಳ್ಳಿದರೆ ಲಾಳಿ ತಾನಾಗಿ ಅತ್ತಿಂದಿತ್ತ ಓಡುತ್ತಿತ್ತು. ಕೆಲಸ ನೂರಕ್ಕೆ 40ರಿಂದ 50ರಷ್ಟು ಹೆಚ್ಚಿತು, ಬಟ್ಟೆಯ ನೇಯ್ಗೆಯೂ ಸಮನಾಯಿತು.

ಆದರೆ ಪೇಟೆಂಟ್ ಪತ್ರ ಹೊಟ್ಟೆ ತುಂಬಿಸುವುದಿಲ್ಲ. ಟೋಕಿಯೋದಲ್ಲಿ ತಮ್ಮ ಮಗ್ಗಗಳನ್ನೇ ಹೂಡಿ ನಡೆಸಿದ ನೇಯ್ಗೆಯ ಮಳಿಗೆ ಬಹುಬೇಗ ಮುಚ್ಚಿಹೋಯಿತು. ಊರಿಗೆ ಮರಳಿದ ಮಗನಿಗೆ ಮದುವೆಯಾಯಿತು. 1894ರಲ್ಲಿ ಕೀಚಿರೊ ಎಂಬ ಗಂಡುಮಗುವೂ ಹುಟ್ಟಿತು. ಮನೆಯ ಕಡೆ ಗಮನವಿಲ್ಲದ ಗಂಡನೊಡನೆ ಬಾಳಲಾರದೆ ಪತ್ನಿ ಮಗುವನ್ನು ಬಿಟ್ಟು ತವರಿಗೆ ಹಿಂತಿರುಗಿದರು. ಸಾಧಕರ ಜೀವನಚರಿತ್ರೆಗಳಲ್ಲಿ ಇಂಥ ಸಂಗತಿಗಳನ್ನು ಒಂದೇ ಸಾಲಿನಲ್ಲಿ ದಾಟಿಸಿಬಿಡುವುದು ವಾಡಿಕೆ. ನಾನೂ ಒಂದೆರಡು ಸಾಲು ಮಾತ್ರ ಬರೆಯುತ್ತಿದ್ದೇನೆ, ಆದರೆ ಸಂಕೋಚದಿಂದ. ಅದೇ 1894ರಲ್ಲಿ ಅವರು ಮಾಡಿದ ನೂಲು ಸುತ್ತುವ ಯಂತ್ರ ಚೆನ್ನಾಗಿ ಮಾರಾಟವಾಗಿ, ಮುಂದಿನ ಪ್ರಯೋಗಗಳಿಗೆ ಹಣ ಒದಗಿಸಿತು.

ಇಲ್ಲಿಂದ ಮುಂದೆ ನಡೆದುದು ನಮ್ಮ ವಿಷಯಕ್ಕೆ ಮುಖ್ಯವಾದುದು. 1896ರಲ್ಲಿ ಅವರು ಉಗಿಯಂತ್ರದ ಬಲದಿಂದ ನಡೆಯುವ ಮಗ್ಗವನ್ನು ಸಿದ್ಧಪಡಿಸಿದರು. ಅದಕ್ಕೆ 1898ರಲ್ಲಿ ಪೇಟೆಂಟ್ ಸಿಕ್ಕಿತು. ಜಪಾನಿನಲ್ಲಿಯೇ ರೂಪುಗೊಂಡ ಮೊದಲ ಯಾಂತ್ರಿಕ ಮಗ್ಗ ಅದು. ಚೌಕಟ್ಟು ಮರದ್ದು, ಅಗತ್ಯವಿದ್ದಲ್ಲಿ ಮಾತ್ರ ಕಬ್ಬಿಣ. ಹಾಗಾಗಿ ಹೊರದೇಶದ ಮಗ್ಗಗಳಿಗೆ ಹೋಲಿಸಿದರೆ ಬೆಲೆ ಬಹಳ ಕಡಿಮೆ. ಅದರಲ್ಲಿ ಇನ್ನೊಂದು ಏರ್ಪಾಡಿತ್ತು. ಹೊಕ್ಕಿನ ನೂಲು ಕಡಿದರೆ ಅಥವಾ ಮುಗಿದರೆ ಮಗ್ಗ ತಾನಾಗಿಯೇ ನಿಲ್ಲುತ್ತಿತ್ತು. ಇಂಗ್ಲೆಂಡಿನ ಮಗ್ಗಗಳಲ್ಲಿ ಇಂಥ ಏರ್ಪಾಡು ಮೊದಲೇ ಇತ್ತೆಂಬುದನ್ನು ಹೇಳಲೇಬೇಕು. ಆದರೆ ಸಾಕಿಚಿ ಅವರು ಆ ಒಂದು ಎಳೆಯನ್ನು ಹಿಡಿದು ಮುಂದಿನ ಮೂವತ್ತು ವರ್ಷ ಬಿಡಲಿಲ್ಲ.

ಯಂತ್ರವೆಂದರೆ ವೇಗ ಎಂದೇ ನಾವು ತಿಳಿಯುತ್ತೇವೆ. ನೂಲು ಕಡಿದ ಮಗ್ಗ ವೇಗವಾಗಿ ಓಡಿದಷ್ಟೂ ಕೆಟ್ಟ ಬಟ್ಟೆ ವೇಗವಾಗಿ ತಯಾರಾಗುತ್ತದೆ, ಅಷ್ಟೆ. ಅದನ್ನು ತಡೆಯಲು ಪ್ರತಿ ಮಗ್ಗದ ಬಳಿಯೂ ಒಬ್ಬರು ಕಣ್ಣಿಟ್ಟು ಕಾಯಬೇಕು. ಹಾಳಾದ ಬಟ್ಟೆ ಒಂದು ನಷ್ಟವಾದರೆ, ಏನೂ ಆಗದಿರುವಾಗಲೂ ನಿಂತು ಕಾಯುವ ಮನುಷ್ಯನ ದಿನ ಇನ್ನೊಂದು ನಷ್ಟ. ಈ ಎರಡನೆಯ ನಷ್ಟವು ಯಾವ ಲೆಕ್ಕದ ಪುಸ್ತಕದಲ್ಲಿಯೂ ಬರುವುದಿಲ್ಲ. ಸಾಕಿಚಿ ಅವರ ಮಗ್ಗ ಎರಡನ್ನೂ ಒಟ್ಟಿಗೆ ತಡೆಯಲು ಹೊರಟಿತ್ತು. ಈ ಮಗ್ಗಗಳನ್ನು ಹೂಡಿದ ಒಟ್ಸುಕಾವ ಎಂಬಲ್ಲಿನ ಗಿರಣಿಯ ಬಟ್ಟೆ ಎಷ್ಟು ಸಮನಾಗಿತ್ತೆಂದರೆ, ದೊಡ್ಡ ವ್ಯಾಪಾರ ಸಂಸ್ಥೆಯಾದ ಮಿತ್ಸುಯಿಯವರು ಇದು ಯಾವ ಮಗ್ಗದ್ದೆಂದು ವಿಚಾರಿಸಿಕೊಂಡು ಬಂದರು.

ಇಲ್ಲಿ ನನ್ನ ಕಸುಬಿನ ಒಂದು ಮಾತನ್ನು ಹೇಳಲು ಓದುಗರು ಅನುಮತಿ ನೀಡಬೇಕು. 1990ರ ದಶಕದ ಆರಂಭದಲ್ಲಿ ನಾನು ಬ್ಯಾಂಕಿನ ಕೆಲಸಕ್ಕೆ ಸೇರಿದಾಗ ನಮ್ಮ ಶಾಖೆಯ ಉಳಿತಾಯ ಖಾತೆಗಳ ಲೆಡ್ಜರುಗಳು ಕೈಬರಹದಲ್ಲಿಯೇ ಇದ್ದವು. ಬ್ಯಾಲೆನ್ಸಿಂಗ್ ಮಾಡುವಾಗ ಒಮ್ಮೆ 270 ರೂಪಾಯಿ ವ್ಯತ್ಯಾಸ ಬಂತು. ಒಂಬತ್ತರಿಂದ ಭಾಗವಾಗುವ ವ್ಯತ್ಯಾಸವಾದರೆ ಅಂಕಿಗಳು ಅದಲುಬದಲಾಗಿರಬಹುದೆಂದು ಹಿರಿಯರೊಬ್ಬರು ಸೂಚಿಸಿದರು. ಹನ್ನೊಂದು ಸಂಜೆ ಕುಳಿತು ಹುಡುಕಿದೆವು. ಐದು ತಿಂಗಳ ಹಿಂದೆ ಯಾರೋ 250 ಎಂಬುದನ್ನು 520 ಎಂದು ಬರೆದಿದ್ದರು. ಆ ಯಾರೋ ನಾನೇ. ತಪ್ಪು ಮಾಡಿದ ಕ್ಷಣದಲ್ಲಿ ಲೆಡ್ಜರು ನನ್ನನ್ನು ತಡೆಯಲಿಲ್ಲ. ಐದು ತಿಂಗಳು ಅದರ ಮೇಲೆಯೇ ಬಡ್ಡಿಯ ಲೆಕ್ಕವೂ ನಡೆದಿತ್ತು. ಕೆಲವು ವರ್ಷಗಳ ಬಳಿಕ ಕಂಪ್ಯೂಟರ್ ಬಂದಾಗ, ಜಮೆ ಮತ್ತು ಖರ್ಚು ತಾಳೆಯಾಗದಿದ್ದರೆ ಅದು ಮುಂದಕ್ಕೆ ಹೋಗಲು ನಿರಾಕರಿಸುತ್ತಿತ್ತು. ಆಗ ನಮ್ಮಲ್ಲಿ ಅನೇಕರು ಗೊಣಗಿದರು. ನನಗೆ ಮಾತ್ರ ಆ ಹನ್ನೊಂದು ಸಂಜೆಗಳು ನೆನಪಾದವು. ಸಾಕಿಚಿ ಅವರ ಹೆಸರನ್ನು ಓದಿದ್ದು ಬಹಳ ಆಮೇಲೆ.

ಮತ್ತೆ ಜಪಾನಿಗೆ ಬರೋಣ. ಮಿತ್ಸುಯಿಯವರ ಬೆಂಬಲದಿಂದ 1899ರಲ್ಲಿ ಮಗ್ಗ ತಯಾರಿಸುವ ಕಂಪನಿ ಹುಟ್ಟಿತು. ವ್ಯಾಪಾರ ಕುಸಿದಾಗ ಪ್ರಯೋಗಗಳಿಗೆ ಹಣ ನಿಂತಿತು, ಸಾಕಿಚಿ ಅವರು ಹೊರಬಂದರು. 1903ರಲ್ಲಿ ಲಾಳಿಯನ್ನು ತಾನಾಗಿ ಬದಲಾಯಿಸುವ ಮಗ್ಗವನ್ನು ರೂಪಿಸಿದರು. ಲಾಳಿಯೊಳಗಿನ ಕಂಡಿಕೆಯ ನೂಲು ಕೆಲವೇ ನಿಮಿಷಗಳಲ್ಲಿ ಮುಗಿದುಹೋಗುತ್ತದೆ. ಪ್ರತಿ ಸಲವೂ ಮಗ್ಗ ನಿಲ್ಲಿಸಿ ಕೈಯಿಂದ ಬದಲಾಯಿಸಬೇಕಾಗುತ್ತಿತ್ತು. ಅಮೆರಿಕದಲ್ಲಿ ಜೇಮ್ಸ್ ನಾರ್ಥ್ರಾಪ್ ಅವರು ಲಾಳಿಯೊಳಗಿನ ಕಂಡಿಕೆಯನ್ನೇ ಬದಲಾಯಿಸುವ ಮಗ್ಗವನ್ನು 1890ರ ದಶಕದಲ್ಲಿಯೇ ಮಾಡಿದ್ದರು. ಸಾಕಿಚಿ ಅವರದು ಲಾಳಿಯನ್ನೇ ಬದಲಾಯಿಸುವ ಬೇರೆ ದಾರಿ. ಆದರೆ ದೊಡ್ಡ ಗಿರಣಿಯೊಂದರಲ್ಲಿ ಹೊರದೇಶದ ಮಗ್ಗಗಳೊಡನೆ ಪರೀಕ್ಷೆಗೆ ನಿಂತಾಗ ಅವರ ಮಗ್ಗ ಹಿಂದೆ ಬಿತ್ತು. ಆಲೋಚನೆಯಲ್ಲಿ ದೋಷವಿರಲಿಲ್ಲ, ತಯಾರಿಕೆ ಒರಟಾಗಿತ್ತು. ಗಿರಣಿಯಲ್ಲಿ ಬಹುಕಾಲ ಓಡಿಸಿ ನೋಡದೆ ಯಂತ್ರವನ್ನು ಮಾರಬಾರದೆಂಬ ಹಟ ಅವರಲ್ಲಿ ಬೇರೂರಿತು.

ಈ ಹಟವೇ ಅವರಿಗೆ ಮುಳುವಾಯಿತು. 1907ರಲ್ಲಿ ಬಂಡವಾಳಗಾರರು ಸೇರಿ ಅವರ ಹೆಸರಿನಲ್ಲಿಯೇ ಮಗ್ಗದ ಕಂಪನಿಯನ್ನು ಸ್ಥಾಪಿಸಿದರು. ಷೇರುದಾರರಿಗೆ ಮಾರಾಟ ಬೇಕು, ಇವರಿಗೆ ಪರೀಕ್ಷೆ ಬೇಕು. ವ್ಯಾಪಾರ ಇಳಿಮುಖವಾದಾಗ, ಪ್ರಯೋಗಗಳಿಂದಲೇ ಕೆಲಸ ಕೆಡುತ್ತಿದೆಯೆಂಬ ಆರೋಪ ಹೊರಿಸಿ 1910ರಲ್ಲಿ ಅವರಿಂದ ರಾಜೀನಾಮೆ ಪಡೆಯಲಾಯಿತು. ತಮ್ಮ ಹೆಸರನ್ನು ಹೊತ್ತ ಕಾರ್ಖಾನೆಯಿಂದ 43ರ ವಯಸ್ಸಿನಲ್ಲಿ ಅವರು ಬರಿಗೈಯಲ್ಲಿ ಹೊರನಡೆದರು. ಬ್ಯಾಂಕಿನವನಾದ ನನಗೆ ಷೇರುದಾರರ ಆತಂಕವೂ ಅರ್ಥವಾಗುತ್ತದೆ. ಸಾಲ ಕೇಳಲು ಇಂಥ ಸಂಶೋಧಕರು ನನ್ನ ಮೇಜಿನ ಮುಂದೆ ಬಂದಿದ್ದರೆ ನಾನೂ ಎರಡು ಬಾರಿ ಯೋಚಿಸುತ್ತಿದ್ದೆ.

ಆ ವರ್ಷ ಮೇ ತಿಂಗಳಲ್ಲಿ ಅವರು ಹಡಗು ಹತ್ತಿ ಅಮೆರಿಕಕ್ಕೆ ಹೋದರು. ಅಲ್ಲಿನ ಗಿರಣಿಗಳಲ್ಲಿ ನಾರ್ಥ್ರಾಪ್ ಮಗ್ಗಗಳನ್ನು ಕಣ್ಣಾರೆ ಕಂಡು, ತಮ್ಮ ದಾರಿ ಅವುಗಳಿಗಿಂತ ಕೀಳಲ್ಲವೆಂಬ ಧೈರ್ಯ ತಂದುಕೊಂಡರು. ನ್ಯೂಯಾರ್ಕಿನಲ್ಲಿ ಪ್ರಸಿದ್ಧ ರಸಾಯನಶಾಸ್ತ್ರಜ್ಞ ಜೋಕಿಚಿ ತಕಾಮಿನೆ ಅವರನ್ನು ಭೇಟಿಯಾದರು. ಆಡ್ರಿನಲಿನ್ ಅನ್ನು ಶುದ್ಧ ರೂಪದಲ್ಲಿ ಬೇರ್ಪಡಿಸಿದ ಹಿರಿಯರು ಅವರು. ಕಂಡುಹಿಡಿದ ವಸ್ತು ಜನರ ಬಳಕೆಯಲ್ಲಿ ನಿಲ್ಲುವವರೆಗೆ ಕಂಡುಹಿಡಿದವನು ಅದರ ಕೈಬಿಡಬಾರದೆಂದು ತಕಾಮಿನೆ ಅವರು ತಿಳಿಹೇಳಿದರಂತೆ. ಹೊರದೇಶದಲ್ಲಿಯೇ ನೆಲೆಸಬೇಕೆಂದಿದ್ದ ಸಾಕಿಚಿ ಅವರು ಯುರೋಪನ್ನು ನೋಡಿಕೊಂಡು 1911ರ ಜನವರಿಯಲ್ಲಿ ತಾಯ್ನಾಡಿಗೆ ಮರಳಿದರು.

ಈ ಬಾರಿ ಅವರು ಬೇರೆಯವರ ಹಣದ ಕಂಪನಿ ಕಟ್ಟಲಿಲ್ಲ. 1911ರಲ್ಲಿ ನಗೋಯಾದಲ್ಲಿ ಸಾಲಸೋಲ ಮಾಡಿ ಸ್ವಂತ ನೇಯ್ಗೆಯ ಗಿರಣಿ ಹಾಕಿದರು. ಬಟ್ಟೆ ಮಾರಿದ ಹಣದಿಂದ ಮಗ್ಗದ ಪ್ರಯೋಗ ನಡೆಯಬೇಕು, ಪ್ರಯೋಗಕ್ಕೆ ಗಿರಣಿಯೇ ಜಾಗವಾಗಬೇಕು ಎಂಬುದು ಯೋಜನೆ. ಅಲ್ಲಿ ಇನ್ನೊಂದು ತೊಡಕು ಎದುರಾಯಿತು. ಕೊಂಡು ತಂದ ನೂಲಿನ ಗುಣ ಒಂದೇ ತೆರನಾಗಿರಲಿಲ್ಲ. ಎಳೆ ಮೇಲಿಂದ ಮೇಲೆ ಕಡಿದು ಮಗ್ಗ ನಿಂತರೆ, ದೋಷ ಮಗ್ಗದ್ದೋ ನೂಲಿನದೋ ಹೇಳುವುದು ಹೇಗೆ? ಆದುದರಿಂದ 1914ರಲ್ಲಿ ನೂಲುವ ಕೆಲಸವನ್ನೂ ತಾವೇ ಆರಂಭಿಸಿದರು. ತಪ್ಪಿನ ಬೇರನ್ನು ಹುಡುಕುತ್ತ ಒಂದು ಹೆಜ್ಜೆ ಹಿಂದಕ್ಕೆ ಹೋಗುವ ಈ ಗುಣ ಅವರ ಎಲ್ಲ ಪ್ರಯೋಗಗಳಲ್ಲಿ ಕಾಣುತ್ತದೆ. ಅದೇ ಸಮಯಕ್ಕೆ ಮೊದಲ ಮಹಾಯುದ್ಧ ಆರಂಭವಾಗಿ ಇಂಗ್ಲೆಂಡಿನ ಬಟ್ಟೆ ಏಷ್ಯಾಕ್ಕೆ ಬರುವುದು ಕಡಿಮೆಯಾಯಿತು. ಜಪಾನಿನ ಗಿರಣಿಗಳಿಗೆ ಸುಗ್ಗಿ. 1918ರಲ್ಲಿ ಅವರ ಗಿರಣಿ ದೊಡ್ಡ ಕಂಪನಿಯಾಯಿತು. 1921ರಲ್ಲಿ ಶಾಂಘೈಯಲ್ಲೂ ಗಿರಣಿ ಎದ್ದಿತು. ಟೋಕಿಯೋ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಓದಿ ಬಂದ ಮಗ ಕೀಚಿರೊ ತಂದೆಯ ಪ್ರಯೋಗಗಳಿಗೆ ಹೆಗಲು ಕೊಟ್ಟರು.

1924ರಲ್ಲಿ ಪೂರ್ಣರೂಪಕ್ಕೆ ಬಂದ 'ಜಿ ಮಾದರಿ' ಮಗ್ಗ ಈ ಕಾಲು ಶತಮಾನದ ದುಡಿಮೆಯ ಫಲ. ಮಗ್ಗ ಪೂರ್ಣ ವೇಗದಲ್ಲಿ ಓಡುತ್ತಿರುವಾಗಲೇ, ನೂಲು ಮುಗಿಯಲಿರುವ ಲಾಳಿಯನ್ನು ಹೊಸ ಲಾಳಿ ತಳ್ಳಿ ಹೊರಹಾಕಿ ತಾನು ಆ ಜಾಗದಲ್ಲಿ ಕೂರುತ್ತಿತ್ತು. ಹೊಕ್ಕು ಕಡಿದರೆ ಮಗ್ಗ ನಿಲ್ಲುತ್ತಿತ್ತು. ಹಾಸಿನ ಸಾವಿರಾರು ಎಳೆಗಳಲ್ಲಿ ಒಂದು ಕಡಿದರೂ ನಿಲ್ಲುತ್ತಿತ್ತು. ಎಳೆಯ ಆಸರೆಯಿಂದ ತೂಗುತ್ತಿದ್ದ ತೆಳು ಲೋಹದ ಪಟ್ಟಿ ಎಳೆ ಕಡಿದ ಕೂಡಲೇ ಕೆಳಗೆ ಬಿದ್ದು ಚಾಲನೆಯನ್ನು ತಪ್ಪಿಸುತ್ತಿತ್ತು. ವಿದ್ಯುತ್ತಿನ ಕಣ್ಣಿಲ್ಲ, ಲೆಕ್ಕ ಹಾಕುವ ಯಂತ್ರವಿಲ್ಲ. ಬೀಳುವ ಒಂದು ತಗಡಿನ ಚೂರು. ಹೀಗಾಗಿ ಒಬ್ಬ ಕೆಲಸಗಾರ್ತಿ 30ಕ್ಕೂ ಹೆಚ್ಚು ಮಗ್ಗಗಳನ್ನು ನೋಡಿಕೊಳ್ಳುವುದು ಸಾಧ್ಯವಾಯಿತು. ನೂರಾರು ಮಗ್ಗಗಳನ್ನು ತಮ್ಮದೇ ಗಿರಣಿಯಲ್ಲಿ ಓಡಿಸಿ ನೋಡಿ, ತಿದ್ದಿ, ಆಮೇಲೆಯೇ ಮಾರಾಟಕ್ಕೆ ಇಳಿದರು. 1926ರಲ್ಲಿ ಕರಿಯಾ ಎಂಬಲ್ಲಿ ಮಗ್ಗದ ಕಾರ್ಖಾನೆ ಸ್ಥಾಪನೆಯಾಯಿತು.

ಮುಂಬೈಯಲ್ಲಿ ನೆಲೆಸಿದ ನಮಗೆ ಇದೇ ವರ್ಷಗಳ ಇನ್ನೊಂದು ಕಥೆ ಗೊತ್ತಿರಬೇಕು. ಜಪಾನಿ ಬಟ್ಟೆಯ ಪೈಪೋಟಿಯಿಂದ ತತ್ತರಿಸಿದ ಮುಂಬೈ ಗಿರಣಿಗಳ ಮಾಲಿಕರು ಖರ್ಚು ತಗ್ಗಿಸಲು, ಎರಡು ಮಗ್ಗ ನೋಡಿಕೊಳ್ಳುತ್ತಿದ್ದ ನೇಕಾರನಿಗೆ ಮೂರು ಮಗ್ಗಗಳನ್ನು ವಹಿಸಲು ಹೊರಟರು. ಅದನ್ನೂ ಸೇರಿ ಹಲವು ಕಾರಣಗಳಿಂದ 1928ರ ಏಪ್ರಿಲಿನಿಂದ ಅಕ್ಟೋಬರಿನವರೆಗೆ ಸುಮಾರು ಒಂದೂವರೆ ಲಕ್ಷ ಕಾರ್ಮಿಕರು ಮುಷ್ಕರ ಹೂಡಿದರು. ಪರೇಲ್, ಲಾಲ್‌ಬಾಗ್‌ಗಳ ಗಿರಣಿಗಳ ಚಿಮಣಿಗಳು ಆರು ತಿಂಗಳು ತಣ್ಣಗಿದ್ದವು. ಅಲ್ಲಿ ಮೂವತ್ತು, ಇಲ್ಲಿ ಮೂರಕ್ಕೇ ಇಷ್ಟು ರಂಪವೇ ಎಂದು ಮೇಲುನೋಟಕ್ಕೆ ಅನ್ನಿಸಬಹುದು. ಆದರೆ ಅಲ್ಲಿ ಬದಲಾದದ್ದು ಮಗ್ಗ. ಇಲ್ಲಿ ಬಹುಮಟ್ಟಿಗೆ ಮಗ್ಗ ಹಳೆಯದೇ, ಹೆಚ್ಚಿದ್ದು ನೇಕಾರನ ಕಣ್ಣಿನ ಹೊರೆ. ಯಂತ್ರಕ್ಕೆ ಕಲಿಸಬೇಕಾದುದನ್ನು ಮನುಷ್ಯನಿಂದ ಹಿಂಡಿ ತೆಗೆಯುವುದಕ್ಕೆ ದಕ್ಷತೆಯೆಂಬ ಹೆಸರು ಒಪ್ಪುವುದಿಲ್ಲವೆಂದು ನನ್ನ ಅನಿಸಿಕೆ. ಹಾಗೆಂದು ಜಪಾನಿನ ಗಿರಣಿಗಳನ್ನು ಹೊಗಳಿ ಮುಗಿಸುವಂತೆಯೂ ಇಲ್ಲ. ಅಲ್ಲಿ ದುಡಿಯುತ್ತಿದ್ದವರಲ್ಲಿ ಬಹುಪಾಲು ಹಳ್ಳಿಗಳಿಂದ ಬಂದು ಗಿರಣಿಯ ವಸತಿಗೃಹಗಳಲ್ಲಿದ್ದ ಹರೆಯದ ಹುಡುಗಿಯರು. ಅವರಿಗೆ ರಾತ್ರಿ ಪಾಳಿಯಿಂದ ಬಿಡುಗಡೆ ದೊರೆತದ್ದು 1929ರ ಜುಲೈಯಲ್ಲಿ, ಕಾನೂನಿನಿಂದ. ಮಗ್ಗ ಉಳಿಸಿದ ಸಮಯ ಅವರ ಪಾಲಿಗೆ ಬಂದದ್ದು ಅತ್ಯಲ್ಪ. ಈಚೆಗೆ, ಆ ಬಟ್ಟೆಯನ್ನು ತಡೆಯಲು ಬ್ರಿಟಿಷ್ ಇಂಡಿಯಾ ಸರಕಾರ 1933ರ ಹೊತ್ತಿಗೆ ನೂರಕ್ಕೆ 75ರಷ್ಟು ಸುಂಕ ವಿಧಿಸಿತು. ಪ್ರತಿಯಾಗಿ ಜಪಾನಿನ ಗಿರಣಿಗಳು ಭಾರತದ ಹತ್ತಿಯನ್ನು ಕೊಳ್ಳುವುದಿಲ್ಲವೆಂದವು. 1934ರ ಒಪ್ಪಂದದಿಂದ ಆ ಜಗಳ ಶಮನವಾಯಿತು.

ಸಾಕಿಚಿ ಅವರು ಅದನ್ನು ನೋಡಲು ಉಳಿದಿರಲಿಲ್ಲ. ಅವರ ಕೊನೆಯ ವರ್ಷಗಳ ದೊಡ್ಡ ಘಟನೆ ಇಂಗ್ಲೆಂಡಿನ ಓಲ್ಡಮ್ ನಗರದ ಪ್ಲ್ಯಾಟ್ ಬ್ರದರ್ಸ್ ಕಂಪನಿಯೊಡನೆ ಆದ ಒಪ್ಪಂದ. ಮುಂಬೈಯ ಹಳೆಯ ಗಿರಣಿಗಳಿಗೂ ಯಂತ್ರ ಒದಗಿಸಿದ, ಒಂದು ಕಾಲಕ್ಕೆ ಜಗತ್ತಿನಲ್ಲಿಯೇ ಹೆಸರಾದ ಜವಳಿ ಯಂತ್ರಗಳ ಸಂಸ್ಥೆ ಅದು. 1929ರ ಡಿಸೆಂಬರಿನಲ್ಲಿ ಆ ಕಂಪನಿ ಒಂದು ಲಕ್ಷ ಪೌಂಡು ಕೊಟ್ಟು ಜಿ ಮಾದರಿಯ ಪೇಟೆಂಟ್ ಹಕ್ಕು ಪಡೆಯಲು ಒಪ್ಪಿತು. ಬಡಗಿಯ ಮಗನ ಮಗ್ಗವನ್ನು ಮಗ್ಗಗಳ ತವರಾದ ಲಂಕಾಶೈರ್ ಕೊಂಡಿತ್ತು. ಈ ಹಣದಿಂದಲೇ ಟೊಯೊಟಾ ಕಾರು ಹುಟ್ಟಿತೆಂಬ ಕಥೆ ಬಹಳ ಪ್ರಚಾರದಲ್ಲಿದೆ. ಕಾರಿನಂಥ ಉದ್ಯಮಕ್ಕೆ ಅಷ್ಟು ಹಣ ಎಲ್ಲಿಗೂ ಸಾಲದು. ಆ ಭಾರವನ್ನು ಹೊತ್ತದ್ದು ಮಗ್ಗದ ಕಾರ್ಖಾನೆಯೇ. 1930ರ ಅಕ್ಟೋಬರ್ 30ರಂದು, 63ರ ವಯಸ್ಸಿನಲ್ಲಿ ಸಾಕಿಚಿ ಅವರು ನಿಧನರಾದರು. ಕೀಚಿರೊ ಅವರು ಮಗ್ಗದ ಕಾರ್ಖಾನೆಯ ಮೂಲೆಯಲ್ಲಿ ಎಂಜಿನ್ ಬಿಚ್ಚಿ ಜೋಡಿಸುತ್ತ, 1933ರಲ್ಲಿ ಕಾರಿನ ವಿಭಾಗವನ್ನೂ 1937ರಲ್ಲಿ ಪ್ರತ್ಯೇಕ ಕಂಪನಿಯನ್ನೂ ಕಟ್ಟಿದರು.

ತಂದೆಯ ಮಗ್ಗದ ಗುಣ ಕಾರಿನ ಕಾರ್ಖಾನೆಗೆ ಬಂದದ್ದು ಇನ್ನೊಬ್ಬರ ಮೂಲಕ. 1932ರಲ್ಲಿ ಟೊಯೊಡ ಗಿರಣಿಯಲ್ಲಿ ಕೆಲಸಕ್ಕೆ ಸೇರಿದ ತಾಯಿಚಿ ಒನೊ ಅವರು 1943ರಲ್ಲಿ ಕಾರಿನ ಕಂಪನಿಗೆ ಬಂದರು. ಗಿರಣಿಯಲ್ಲಿ ಒಬ್ಬ ಹುಡುಗಿ ಸಾಲುಸಾಲು ಮಗ್ಗಗಳನ್ನು ನಡೆಸುವಾಗ, ಇಲ್ಲಿ ಒಂದೊಂದು ಯಂತ್ರದ ಮುಂದೆ ಒಬ್ಬೊಬ್ಬರು ನಿಂತಿರುವುದು ಅವರಿಗೆ ವಿಚಿತ್ರವಾಗಿ ಕಂಡಿತು. ತಪ್ಪಾದಾಗ ತಾನೇ ನಿಲ್ಲುವ ಯಂತ್ರಗಳನ್ನೂ, ದೋಷ ಕಂಡ ಯಾವ ಕೆಲಸಗಾರನಾದರೂ ಇಡೀ ಸಾಲನ್ನು ನಿಲ್ಲಿಸಬಹುದಾದ ಪದ್ಧತಿಯನ್ನೂ ಅವರು ಬೆಳೆಸಿದರು. ಇದಕ್ಕೆ ಜಪಾನಿ ಭಾಷೆಯಲ್ಲಿ 'ಜಿದೋಕಾ' ಎನ್ನುತ್ತಾರೆ. ಸ್ವಯಂಚಾಲನೆ ಎಂಬುದಕ್ಕೆ ಬರೆಯುವ ಚಿತ್ರಾಕ್ಷರಕ್ಕೆ ಮನುಷ್ಯ ಎಂಬರ್ಥದ ಗೆರೆಗಳನ್ನು ಸೇರಿಸಿ ಅವರು ಆ ಪದವನ್ನು ಬರೆಯುತ್ತಾರೆ. ಕಂಪನಿ ಇಂದಿಗೂ ತನ್ನ ಉತ್ಪಾದನಾ ಪದ್ಧತಿಯ ಎರಡು ಕಂಬಗಳಲ್ಲಿ ಒಂದೆಂದು ಇದನ್ನು ಹೇಳಿಕೊಳ್ಳುತ್ತದೆ.

ನಗೋಯಾದಲ್ಲಿ ಸಾಕಿಚಿ ಅವರು 1911ರಲ್ಲಿ ಗಿರಣಿ ಹಾಕಿದ ಜಾಗದಲ್ಲಿ 1994ರಿಂದ ಒಂದು ವಸ್ತುಸಂಗ್ರಹಾಲಯವಿದೆ. ಅದರ ಪ್ರವೇಶದ್ವಾರದ ಸಭಾಂಗಣದಲ್ಲಿ ಇಟ್ಟಿರುವುದು ಜಿ ಮಾದರಿಯ ಮಗ್ಗವಲ್ಲ. ಲಾಳಿಯನ್ನು ಅತ್ತಿತ್ತ ಎಸೆಯದೆ ವೃತ್ತಾಕಾರವಾಗಿ ಸುತ್ತಿಸುತ್ತ, ಸದ್ದಿಲ್ಲದೆ, ಕಡಿಮೆ ಶಕ್ತಿಯಿಂದ ಅಗಲವಾದ ಬಟ್ಟೆ ನೇಯುವ ದುಂಡುಮಗ್ಗ. ಅವರು ಅದನ್ನು ಕಲ್ಪಿಸಿದ್ದು 1906ರಲ್ಲಿ. ಆ ಬಳಿಕವೂ ಹಲವು ವರ್ಷ ಅದನ್ನು ತಿದ್ದುತ್ತಲೇ ಇದ್ದರು. ಗಿರಣಿಗಳು ಅದನ್ನು ಕೊಳ್ಳಲಿಲ್ಲ.